ರಸ್ತೆ ಜಾಲದ ‘ಆಪ್ಟಿಮೈಸೇಷನ್’ಗೆ ‘ಹದ’ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ,

ಪಿಯುಸಿ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಹೊಸ ರಸ್ತೆ ಎಲ್ಲಿ ಹಾಕಬೇಕು, ಯಾವುದನ್ನು ಅಗಲ ಮಾಡಬೇಕು, ಇರುವ ದುಡ್ಡಿನಲ್ಲೇ ಜನ ದಾರಿಯಲ್ಲಿ ಕಳೆಯುವ ಹೊತ್ತು ಆದಷ್ಟು ಕಡಿಮೆಯಾಗುವುದು ಹೇಗೆ ಎಂದು ಲೆಕ್ಕ ಹಾಕುವ ವಿಷಯ. ಮೊದಲ ಸಾಲಿಗೇ ‘ಆಪ್ಟಿಮೈಸೇಷನ್’ ಬಂತು, ಅಂದರೆ ಇರುವ ಆಯ್ಕೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಹುಡುಕುವುದು. ಅದಕ್ಕೆ ಒಪ್ಪುವ ಕನ್ನಡ ಪದ ಸಿಗದೆ ಅಲ್ಲೇ ನಿಂತಿದ್ದೇನೆ.

‘ಇಷ್ಟತಮೀಕರಣ’ ಅಂತ ಬರೆದು ಮಗಳಿಗೆ ಓದಲು ಕೊಟ್ಟೆ. ‘ಅಪ್ಪಾ, ಇಷ್ಟ ಅಂದ್ರೆ ಯಾರ ಇಷ್ಟ?’ ಅಂದಳು. ಈ ವಿಷಯದ ತಿರುಳೇ ಆ ಪ್ರಶ್ನೆ. 1952ರಲ್ಲಿ ಇಂಗ್ಲೆಂಡಿನ ಸಂಚಾರ ತಜ್ಞ ವಾರ್ಡ್‌ರಾಪ್ ಎರಡು ಸ್ಥಿತಿಗಳನ್ನು ಬೇರೆಬೇರೆ ಮಾಡಿ ತೋರಿಸಿದರು. ಒಂದರಲ್ಲಿ ಪ್ರತಿಯೊಬ್ಬರೂ ತಮಗೆ ಬೇಗ ಆಗುವ ದಾರಿ ಹಿಡಿದು, ಇನ್ನು ದಾರಿ ಬದಲಿಸಿದರೆ ಯಾರಿಗೂ ಲಾಭವಿಲ್ಲ ಅನ್ನುವಲ್ಲಿಗೆ ಬಂದು ನಿಲ್ಲುತ್ತಾರೆ. ಇನ್ನೊಂದರಲ್ಲಿ ಎಲ್ಲರ ಹೊತ್ತನ್ನೂ ಕೂಡಿಸಿದರೆ ಬರುವ ಮೊತ್ತ ಆದಷ್ಟು ಕಡಿಮೆ. ಎರಡೂ ಒಂದೇ ಅಲ್ಲ.

ಎಷ್ಟು ಬೇರೆ ಅನ್ನುವುದು ಜರ್ಮನಿಯ ಗಣಿತಜ್ಞ ಬ್ರೇಸ್ 1968ರಲ್ಲಿ ತೋರಿಸಿದ ವಿಚಿತ್ರದಲ್ಲಿ ಕಾಣುತ್ತದೆ. ಪಾಠಗಳಲ್ಲಿ ಅದನ್ನು ಹೀಗೆ ಹೇಳುತ್ತಾರೆ: 4000 ಕಾರು, ಎರಡು ದಾರಿ. ಪ್ರತಿ ದಾರಿಯಲ್ಲೂ ಒಂದು ಅಗಲವಾದ ತುಂಡು, ಅದಕ್ಕೆ ಯಾವಾಗಲೂ 45 ನಿಮಿಷ. ಇನ್ನೊಂದು ಇಕ್ಕಟ್ಟಾದ ತುಂಡು, ಅಲ್ಲಿ ನೂರು ಕಾರಿಗೆ ಒಂದು ನಿಮಿಷದಂತೆ ಏರುತ್ತದೆ. ಒಂದು ದಾರಿಯಲ್ಲಿ ಇಕ್ಕಟ್ಟು ಮೊದಲು, ಇನ್ನೊಂದರಲ್ಲಿ ಕೊನೆಗೆ. ಅರ್ಧರ್ಧ ಹಂಚಿಹೋದರೆ 20 ಮತ್ತು 45, ಒಟ್ಟು 65 ನಿಮಿಷ. ಈಗ ನಡುವೆ, ಮೊದಲ ಇಕ್ಕಟ್ಟಿನಿಂದ ಇನ್ನೊಂದು ಇಕ್ಕಟ್ಟಿಗೆ, ಹೊತ್ತೇ ಹಿಡಿಯದಷ್ಟು ಚಿಕ್ಕ ಅಡ್ಡರಸ್ತೆ ಹಾಕಿ. ಎಲ್ಲರೂ ಎರಡೂ ಇಕ್ಕಟ್ಟಿನ ತುಂಡುಗಳಿಗೇ ನುಗ್ಗುತ್ತಾರೆ. 40 ಮತ್ತು 40, ಅಂದರೆ 80 ನಿಮಿಷ! ಹಳೇ ದಾರಿಗೆ ವಾಪಸ್ ಹೋಗೋಣ ಅಂದರೆ ಒಬ್ಬನಿಗೆ 85 ಆಗುತ್ತದೆ. ಹಾಗಾಗಿ ಯಾರೂ ಕದಲುವುದಿಲ್ಲ.

ಈ ಸ್ಥಿತಿಗೆ ‘ಸಮತೋಲನ’ ಅನ್ನಲು ನನಗೆ ಮನಸ್ಸಿಲ್ಲ. ಆ ಪದದಲ್ಲಿ ‘ಎಲ್ಲ ಸರಿಯಾಗಿದೆ’ ಅನ್ನುವ ಧ್ವನಿ ಇದೆ ಅಲ್ವಾ? ಇಲ್ಲಿ ಎಲ್ಲರೂ ಒಟ್ಟಿಗೆ ಸಿಕ್ಕಿಕೊಂಡಿದ್ದಾರೆ. ‘ನಿಲುಗಡೆ’ ಅಂದರೆ ಬಸ್ ಸ್ಟಾಪ್ ಆಗಿಬಿಡುತ್ತದೆ. ‘ಕದಲದ ನೆಲೆ’ ಅನ್ನಬಹುದೇ?

ಆಪ್ಟಿಮೈಸೇಷನ್‌ಗೆ ನನಗೆ ಹೊಳೆದದ್ದು ‘ಹದ’. ಉಂಡೆಗೆ ಪಾಕ ಮಾಡುವಾಗ ಅಮ್ಮ ಒಂದು ತೊಟ್ಟು ನೀರಿಗೆ ಬಿಟ್ಟು ನೋಡುತ್ತಿದ್ದರು. ಕರಗಿದರೆ ಇನ್ನಷ್ಟು ಕಾಯಿಸಬೇಕು, ಮುದ್ದೆ ನಿಂತರೆ ತಕ್ಷಣ ಇಳಿಸಬೇಕು. ಸ್ವಲ್ಪ ಬದಲಿಸು, ನೋಡು, ಮತ್ತೆ ಬದಲಿಸು: ಕಂಪ್ಯೂಟರ್ ಕೂಡ ದಾರಿಗಳ ನಡುವೆ ವಾಹನಗಳನ್ನು ಹೀಗೇ ಸರಿಸುತ್ತಾ ಹೋಗುತ್ತದೆ. ರಸ್ತೆ ಜಾಸ್ತಿಯಾದರೂ ಕೆಡುತ್ತದೆ ಅನ್ನುವ ಬ್ರೇಸ್ ಮಾತನ್ನೂ ಈ ಪದ ಒಳಗೊಳ್ಳುತ್ತದೆ.

ತೊಡಕು ಎರಡು. ‘ಹದ ಮಾಡುವುದು’ ಚರ್ಮಕ್ಕೂ ಹೊಲಕ್ಕೂ ಆಗಲೇ ಇದೆ. ಅದು ದೊಡ್ಡದಲ್ಲ. ಆದರೆ ‘ಹದಗೆಟ್ಟ ರಸ್ತೆ’ ಪೇಪರಿನಲ್ಲಿ ದಿನಾ ಬರುತ್ತದೆ. ‘ರಸ್ತೆ ಜಾಲವನ್ನು ಹದಗೊಳಿಸುವುದು’ ಅಂದರೆ ಮಕ್ಕಳು ಗುಂಡಿ ಮುಚ್ಚುವ ಕೆಲಸ ಅಂದುಕೊಂಡಾರು. ‘ಹದಗಾಣಿಕೆ’ ಅಂದರೆ, ಹದ ಕಾಣುವುದು ಅನ್ನುವ ಅರ್ಥದಲ್ಲಿ, ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಗಣಿತ ಪಾಠ ಮಾಡುವವರು ತರಗತಿಯಲ್ಲಿ ಯಾವ ಪದ ಬಳಸುತ್ತೀರಿ, ದಯವಿಟ್ಟು ಹೇಳಿ.