ಆರು ವರ್ಷದ ಮಗಳಿಗೆ ಕಾಣುವುದಿಲ್ಲ, ಕೇಳುವುದಿಲ್ಲ: ಮಾತು ಕಲಿಸುವುದನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಒಬ್ಬ ತಾಯಿ, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಬಸುರಿಯಾಗಿದ್ದಾಗ ರುಬೆಲ್ಲಾ ಸೋಂಕು ತಗಲಿದ್ದರಿಂದ, ನನ್ನ ಮಗಳು ಹುಟ್ಟುವಾಗಲೇ ಎರಡೂ ಕಣ್ಣುಗಳಲ್ಲಿ ಪೊರೆ ಇತ್ತು, ಕಿವಿಯೂ ಕೇಳುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರವೂ ಆಕೆಗೆ ಬೆಳಕು, ನೆರಳು ಮಾತ್ರ ತಿಳಿಯುತ್ತವೆ. ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಹೆಲೆನ್ ಕೆಲರ್ ಅವರಿಗೆ, ಶಿಕ್ಷಕಿ ಒಂದು ಕೈಯ ಮೇಲೆ ನೀರು ಹರಿಸಿ ಇನ್ನೊಂದು ಅಂಗೈಯಲ್ಲಿ ಆ ಪದವನ್ನು ಮೂಡಿಸಿದಾಗ ಮಾತಿನ ಅರ್ಥ ಹೊಳೆದ ಕಥೆಯನ್ನು ಶಾಲೆಯಲ್ಲಿ ಓದಿದ್ದ ನಾನು, ಎರಡು ತಿಂಗಳಿಂದ ದಿನವೂ ಮಗಳ ಕೈಯನ್ನು ನಳದ ಕೆಳಗೆ ಹಿಡಿದು, ಇನ್ನೊಂದು ಅಂಗೈಯ ಮೇಲೆ ‘ನೀರು’ ಎಂದು ಬೆರಳಿನಿಂದ ಬರೆಯುತ್ತಿದ್ದೇನೆ. ನೀರಿನಲ್ಲಿ ಆಡುತ್ತಾಳೆ, ಬರೆಯಲು ಹೋದರೆ ಕೈ ಕಿತ್ತುಕೊಳ್ಳುತ್ತಾಳೆ. ವಾರಕ್ಕೊಮ್ಮೆ ಮನೆಗೆ ಬಂದು ಬಹಳ ಅಕ್ಕರೆಯಿಂದ ಕಲಿಸುವ ಅಕ್ಕೋರು ಅಕ್ಷರದ ಗೊಡವೆಗೇ ಹೋಗದೆ, ಸ್ನಾನಕ್ಕೆ ಮುಂಚೆ ತಂಬಿಗೆ, ಊಟಕ್ಕೆ ಮುಂಚೆ ತಾಟು ಕೈಗೆ ಕೊಡಿ ಎನ್ನುತ್ತಾರೆ. ಇದರಿಂದ ಮಾತು ಬರುವುದೇ? ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1: ವಿಶೇಷ ಶಿಕ್ಷಕಿ, ವಿಜಯಪುರ

ತಂಗೀ, ನಿಮ್ಮ ಅಕ್ಕೋರು ಹಿಡಿದಿರುವ ದಾರಿ ಸರಿಯಾಗಿದೆ. ಹೆಲೆನ್ ಕೆಲರ್ ಅವರ ಆ ನೀರಿನ ಪ್ರಸಂಗವನ್ನು ನಾವೆಲ್ಲ ಒಂದು ದಿನದ ಪವಾಡದಂತೆ ಓದಿಕೊಂಡು ಬಂದಿದ್ದೇವೆ. ಆದರೆ ಹೆಲೆನ್ ಅವರ ಕಣ್ಣು, ಕಿವಿ ಕಸಿದ ಕಾಯಿಲೆ ಬಂದದ್ದು ಹತ್ತೊಂಬತ್ತನೆಯ ತಿಂಗಳಿನಲ್ಲಿ. ಅದಕ್ಕೆ ಮುಂಚೆ ಅವರು ಕಂಡಿದ್ದರು, ಕೇಳಿದ್ದರು, ನೀರಿಗೆ ಒಂದು ತೊದಲು ಮಾತನ್ನೂ ಆಡಿದ್ದರು. ಶಿಕ್ಷಕಿ ಆನ್ ಸಲಿವನ್ ಮನೆಗೆ ಬಂದದ್ದು 1887ರ ಮಾರ್ಚ್ 3ರಂದು, ನೀರಿನ ಪ್ರಸಂಗ ನಡೆದದ್ದು ಏಪ್ರಿಲ್ 5ರಂದು. ನಡುವಿನ ಒಂದು ತಿಂಗಳು ಗೊಂಬೆ ಮೊದಲಾದವುಗಳ ಹೆಸರನ್ನು ಅಂಗೈಯಲ್ಲಿ ಬೆರಳಕ್ಷರಗಳಿಂದ (ಒಂದೊಂದು ಅಕ್ಷರಕ್ಕೂ ಬೆರಳುಗಳ ಒಂದೊಂದು ಭಂಗಿ) ಮತ್ತೆ ಮತ್ತೆ ಮೂಡಿಸಿದರೂ, ಬಾಲಕಿ ಅದನ್ನು ಅರ್ಥವಾಗದೆಯೇ ಅನುಕರಿಸುತ್ತಿದ್ದಳು. ಇನ್ನೂ ಮುಖ್ಯವಾದ ಮಾತೆಂದರೆ, ಶಿಕ್ಷಕಿ ಬರುವ ಮುಂಚೆಯೇ ಆಕೆಗೆ ತನ್ನದೇ ಸನ್ನೆಗಳಿದ್ದವು: ಬ್ರೆಡ್ ಬೇಕಾದರೆ ಅದನ್ನು ಕೊಯ್ದು ಬೆಣ್ಣೆ ಸವರುವಂತೆ ಕೈಯಾಡಿಸುತ್ತಿದ್ದಳು.

ನಿಮ್ಮ ಮಗಳು ಹುಟ್ಟಿನಿಂದಲೇ ಕಾಣದೆ, ಕೇಳದೆ ಬೆಳೆದವಳು. ತಂಬಿಗೆ ಕೈಗೆ ಬಂದರೆ ಮೈಮೇಲೆ ನೀರು ಬೀಳುತ್ತದೆ ಎಂದು ಆಕೆ ಮೊದಲು ಊಹಿಸುವಂತಾಗಬೇಕು. ‘ಈ ವಸ್ತು ಆ ಕೆಲಸದ ಗುರುತು’ ಎಂಬ ತಿಳಿವಳಿಕೆಯ ಮೇಲೆಯೇ ಮುಂದೆ ಸ್ಪರ್ಶ ಸನ್ನೆ (ಕೈಯಿಂದ ಮುಟ್ಟಿ ತಿಳಿಯುವ ಸನ್ನೆ), ಉಬ್ಬು ಚುಕ್ಕೆಗಳ ಬ್ರೈಲ್ ಲಿಪಿ ಎಲ್ಲವೂ ನಿಲ್ಲುತ್ತವೆ. ಆದ್ದರಿಂದ ಪ್ರತಿದಿನವೂ ಅದೇ ತಂಬಿಗೆ ಇರಲಿ, ಅದನ್ನು ಸ್ನಾನಕ್ಕೆ ಸ್ವಲ್ಪ ಮುಂಚೆ ಕೊಡಿ, ಕೊಟ್ಟು ಕಾಯಿರಿ. ಮನೆಯವರೆಲ್ಲ ತಮ್ಮ ತಮ್ಮ ಗುರುತನ್ನೂ ಮುಟ್ಟಿಸಬೇಕು: ನೀವು ಬಳೆ, ಅಪ್ಪ ಕೈಗಡಿಯಾರ. ಯಾರು ಬಂದರೆಂದು ತಿಳಿಯದೆ ಇದ್ದಕ್ಕಿದ್ದಂತೆ ಎತ್ತಿಕೊಂಡರೆ ಯಾವ ಮಗುವಾದರೂ ಬೆಚ್ಚುತ್ತದೆ.

ಇನ್ನೊಂದು ವಿಷಯ. ಆಕೆಯ ಕೈಯನ್ನು ಮೇಲಿನಿಂದ ಹಿಡಿಯಬೇಡಿ. ನಿಮ್ಮ ಕೈ ಕೆಳಗಿರಲಿ, ಆಕೆಯ ಕೈ ಅದರ ಮೇಲಿರಲಿ. ಆಗ ಆಕೆ ಬೇಕೆಂದಾಗ ಹಿಂಬಾಲಿಸುತ್ತಾಳೆ, ಬೇಡವೆಂದಾಗ ಬಿಡುತ್ತಾಳೆ. ಆಕೆಗೆ ಕೈಯೇ ಕಣ್ಣು, ಕೈಯೇ ನಾಲಿಗೆ. ಅದನ್ನು ಬಿಗಿಹಿಡಿಯುವುದೆಂದರೆ ಬಾಯಿ ಮುಚ್ಚಿಸಿದಂತೆ.

ಉತ್ತರ 2: ಒಬ್ಬ ತಂದೆ, ಬೆಳಗಾವಿ

ಅಕ್ಕನವರೆ, ನನ್ನ ಮಗನೂ ನಿಮ್ಮ ಮಗಳಂತೆಯೇ, ಅವನಿಗೆ ಈಗ ಹದಿನಾಲ್ಕು ವರ್ಷ. ಮೊದಲು ನಾವು ಸೇರಿಸಿದ್ದ ಒಂದು ಕಡೆ ಕೈಯನ್ನು ಒತ್ತಿ ಹಿಡಿದೇ ಕಲಿಸುತ್ತಿದ್ದರು. ಅವನು ಯಾರಾದರೂ ಮುಟ್ಟಿದರೆ ಸಾಕು, ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಳ್ಳುವಂತಾದನು. ಅದನ್ನು ಬಿಡಿಸಲು ನಂತರ ಬಂದ ಶಿಕ್ಷಕರಿಗೆ ಒಂದು ವರ್ಷವೇ ಹಿಡಿಯಿತು. ಅವರು ದಿನವೂ ಪಕ್ಕದಲ್ಲಿ ಕುಳಿತು, ಅವನು ನೆಲ ತಟ್ಟಿದರೆ ತಾವೂ ತಟ್ಟುತ್ತಿದ್ದರು, ಅವನು ನಿಲ್ಲಿಸಿದರೆ ತಾವೂ ನಿಲ್ಲಿಸುತ್ತಿದ್ದರು. ನಾನು ಅದನ್ನು ಆಟವೆಂದುಕೊಂಡಿದ್ದೆ. ‘ನಾನು ಮಾಡಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಾರೆ’ ಎಂಬುದನ್ನು ಅವನು ಕಲಿತದ್ದು ಅಲ್ಲಿಯೇ. ಅವನ ಮೊದಲ ಸನ್ನೆ ‘ಸಾಕು’ ಎಂಬುದಾಗಿತ್ತು, ಆ ದಿನ ಮನೆಯಲ್ಲಿ ಎಲ್ಲರೂ ಅತ್ತೆವು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಣ್ಣು, ಕಿವಿ ಎರಡರ ಕೊರತೆಯ ಈ ಸ್ಥಿತಿಯನ್ನು ಬಹುವಿಧ ಅಂಗವೈಕಲ್ಯದ ಅಡಿ ಸೇರಿಸಲಾಗಿದೆ. ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಮಾಡಿಸುವಾಗ ಕಣ್ಣು, ಕಿವಿ ಎರಡನ್ನೂ ನಮೂದಿಸುವಂತೆ ಕೇಳಿರಿ. ಅಹಮದಾಬಾದಿನ ಸೆನ್ಸ್ ಇಂಟರ್‌ನ್ಯಾಷನಲ್ ಇಂಡಿಯಾ ಎಂಬ ಸಂಸ್ಥೆ 1997ರಿಂದ ಇಂತಹ ಮಕ್ಕಳಿಗಾಗಿಯೇ ಕೆಲಸ ಮಾಡುತ್ತಿದೆ.

ಮರುನುಡಿ: ಪ್ರಶ್ನೆ ಕೇಳಿದ ತಾಯಿ

ಇಬ್ಬರಿಗೂ ಕೈಮುಗಿಯುತ್ತೇನೆ. ಬ್ರೆಡ್ಡಿನ ಸಂಗತಿಯನ್ನು ಓದಿದಾಗ ಒಂದು ವಿಷಯ ಹೊಳೆಯಿತು. ನಾನು ಜೋಳದ ರೊಟ್ಟಿ ಬಡಿಯುವಾಗ ಮಗಳು ನನಗೆ ಒತ್ತಿಕೊಂಡೇ ಕುಳಿತಿರುತ್ತಾಳೆ, ನನ್ನ ತೋಳಿನ ಅದುರು ಆಕೆಗೆ ತಿಳಿಯುತ್ತದೆ. ಕೆಲವು ಸಲ ಹೊತ್ತಲ್ಲದ ಹೊತ್ತಿನಲ್ಲಿ ಬಂದು ನನ್ನ ಅಂಗೈಯನ್ನು ಎರಡು ಸಲ ಬಡಿಯುತ್ತಾಳೆ. ಅದನ್ನು ಹಟವೆಂದುಕೊಂಡು ಕೈ ಸರಿಸುತ್ತಿದ್ದೆ. ನಿನ್ನೆ ಸಂಜೆ ಹಾಗೆ ಬಡಿದಾಗ, ನನ್ನ ಕೈಯನ್ನು ಆಕೆಯ ಕೈಯ ಕೆಳಗಿಟ್ಟು ನಾನೂ ಎರಡು ಸಲ ಬಡಿದು, ಒಂದು ತುಂಡು ರೊಟ್ಟಿ ಕೊಟ್ಟೆ. ತಿಂದು ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕೈಯನ್ನು ಹುಡುಕಿ ತೆಗೆದು, ಅಂಗೈ ಬಿಡಿಸಿ, ಮತ್ತೆ ಎರಡು ಸಲ ಬಡಿದಳು. ಗುರುವಾರ ಅಕ್ಕೋರು ಬಂದಾಗ ಅವರ ಅಂಗೈಯನ್ನೂ ಬಡಿಯುತ್ತಾಳೋ ಏನೋ ಎಂದು ಕಾಯುತ್ತಿದ್ದೇನೆ.