ಸಹಾಯ ಬೇಕು: ಗ್ರೀಕ್ ದುರಂತ ನಾಟಕ ಮತ್ತು ಮಿಲೇಟಸ್ ಪತನದ ಕುರಿತು

ಗೆಳೆಯರೇ, ನಮ್ಮ ಓದುಗರ ಬಳಗದಲ್ಲಿ ಗ್ರೀಕ್ ದುರಂತ ನಾಟಕಗಳ ಬಗ್ಗೆ ಮಾತನಾಡಲು ಸಿದ್ಧತೆ ನಡೆಸುತ್ತಿದ್ದು, ಒಂದು ಪ್ರಶ್ನೆಯಲ್ಲಿ ನಿಮ್ಮ ನೆರವು ಬೇಕಾಗಿದೆ.

ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ತಮ್ಮ ಆಳ್ವಿಕೆಯ ವಿರುದ್ಧ ಬಂಡೆದ್ದಿದ್ದ ಗ್ರೀಕರ ಮಿಲೇಟಸ್ ನಗರವನ್ನು ನಾಶಮಾಡಿದರು. ಆ ಬಂಡಾಯಕ್ಕೆ ಮೊದಲು ಇಪ್ಪತ್ತು ಹಡಗುಗಳನ್ನು ಕಳುಹಿಸಿ, ಬಳಿಕ ಕೈಬಿಟ್ಟಿದ್ದ ಅಥೆನ್ಸ್‌ನಲ್ಲಿ ಫ್ರಿನಿಕಸ್ ಎಂಬ ಕವಿ ಇದೇ ಘಟನೆಯನ್ನು ನಾಟಕವಾಗಿಸಿದಾಗ ಪ್ರೇಕ್ಷಕರೆಲ್ಲ ಕಣ್ಣೀರಿಟ್ಟರೆಂದೂ, ತಮ್ಮದೇ ನೋವನ್ನು ನೆನಪಿಸಿದ್ದಕ್ಕಾಗಿ ಅವನಿಗೆ 1000 ದ್ರಾಕ್ಮಾ (ಗ್ರೀಕ್ ಬೆಳ್ಳಿ ನಾಣ್ಯ) ದಂಡ ವಿಧಿಸಿ, ನಾಟಕವನ್ನು ಮತ್ತೆಂದೂ ಆಡದಂತೆ ನಿಷೇಧಿಸಿದರೆಂದೂ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಆದರೆ ಕ್ರಿ.ಪೂ. 472ರಲ್ಲಿ, ಗ್ರೀಕರೊಡನೆ ನಡೆದ ಸಲಾಮಿಸ್ ನೌಕಾಕದನದಲ್ಲಿ ಸೋತ ಪರ್ಷಿಯನ್ನರ ಗೋಳನ್ನು ಅವರ ರಾಜಧಾನಿ ಸೂಸಾದ ಅರಮನೆಯಲ್ಲಿಟ್ಟು ನಾಟಕವಾಗಿ ತೋರಿಸಿದ ಕವಿ ಈಸ್ಕಿಲಸ್‌ನಿಗೆ ಅದೇ ಊರು ಮೊದಲ ಬಹುಮಾನ ಕೊಟ್ಟಿತು. ಆ ನಾಟಕದ ಖರ್ಚು ವಹಿಸಿದವನು, ಮುಂದೆ ಅಥೆನ್ಸ್‌ನ ನಾಯಕನಾದ ತರುಣ ಪೆರಿಕ್ಲಿಸ್. ಶತ್ರುವಿನ ದುಃಖವನ್ನು ನೋಡಬಲ್ಲವರು ತಮ್ಮವರ ದುಃಖವನ್ನು ಸಹಿಸಲಾರದೆ ಹೋದುದಕ್ಕೆ ಕೇವಲ ಶೋಕವಲ್ಲ, ಕೈಬಿಟ್ಟ ಅಪರಾಧಪ್ರಜ್ಞೆಯೂ ಕಾರಣವೆಂದು ನನ್ನ ಊಹೆ (ದಂಡದ ಮೊತ್ತವೇ ಸಿಟ್ಟನ್ನು ಹೇಳುವಂತಿದೆ).

ಈ ಊಹೆಯನ್ನು ಒಪ್ಪುವ ಅಥವಾ ಅಲ್ಲಗಳೆಯುವ ಕನ್ನಡ ಲೇಖನಗಳಿದ್ದರೆ ದಯವಿಟ್ಟು ತಿಳಿಸಿ. ಈಸ್ಕಿಲಸ್‌ನ ಈ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದಿದ್ದಾರೆ. ಅದರ ಪ್ರತಿ ಯಾರ ಬಳಿಯಾದರೂ ಇದ್ದರೆ, ಸೋಲಿನ ಸುದ್ದಿ ತರುವ ದೂತನ ಮಾತುಗಳಿರುವ ಪುಟಗಳನ್ನಾದರೂ ಓದಲು ಒದಗಿಸಿದರೆ ಉಪಕಾರವಾಗುತ್ತದೆ.