ಬಾವಿಯಲ್ಲಿ ಕಲಿತ ಈಜು ಟ್ರಯಥ್ಲಾನ್‌ಗೆ ಸಾಕಾ?

ಪ್ರಶ್ನೆ (ಧಾರವಾಡದಿಂದ): ನಮಸ್ಕಾರ ಸರ್. ನನಗೆ 26 ವರ್ಷ. ದಿನಾ ಬೆಳಿಗ್ಗೆ ಯೂನಿವರ್ಸಿಟಿ ಕ್ಯಾಂಪಸ್ ಕಡೆ ಓಡುತ್ತೇನೆ. ಗೋವಾದ ಟ್ರಯಥ್ಲಾನ್‌ಗೆ (ಈಜು, ಸೈಕಲ್, ಓಟ ಒಂದರ ಹಿಂದೊಂದು ಮಾಡುವ ಸ್ಪರ್ಧೆ) ಹೆಸರು ಕೊಡೋಣ ಅಂತ ಗೆಳೆಯ ಬೆನ್ನು ಹತ್ತಿದ್ದಾನೆ. ಈ ಆಟ ಹುಟ್ಟಿದ್ದು ಎಲ್ಲಿ? ಈಜನ್ನೇ ಯಾಕೆ ಮೊದಲು ಇಡುತ್ತಾರೆ? ನಾನು ಊರಿನ ಬಾವಿಯಲ್ಲಿ ಈಜು ಕಲಿತವನು. ಅಷ್ಟು ಸಾಕಾ?

ಉತ್ತರ (ಈಜು ಕೋಚ್): ತಮ್ಮಾ, ಮೂರೂ ಪ್ರಶ್ನೆ ಒಂದಕ್ಕೊಂದು ಹೆಣೆದುಕೊಂಡಿವೆ.

ಈಗಿನ ರೂಪದ ಟ್ರಯಥ್ಲಾನ್ ಶುರುವಾದದ್ದು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. 1974ರ ಸೆಪ್ಟೆಂಬರ್ 25, ಬುಧವಾರ ಸಂಜೆ. ಅಲ್ಲಿನ ಓಟಗಾರರ ಕ್ಲಬ್ಬಿನ ಜಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹನ್ ಸೇರಿ ನಡೆಸಿದರು. ಬಂದವರು 46 ಜನ. ಆ ದಿನ ಓಟ ಮೊದಲು, ಆಮೇಲೆ ಸೈಕಲ್, ಈಜು ಕೊನೆಗೆ. ಹಿಂದೆ ಉಳಿದವರು ನೀರಿಗೆ ಇಳಿಯುವಷ್ಟರಲ್ಲಿ ಕತ್ತಲಾಯಿತು. ದಡದಲ್ಲಿ ಕಾರು ನಿಲ್ಲಿಸಿ ಹೆಡ್‌ಲೈಟ್ ಹಾಕಬೇಕಾಯಿತು. ದಣಿದ ಮೈಯಲ್ಲಿ ಈಜುವುದು ಜೀವಕ್ಕೆ ಕುತ್ತು. ಓಡುವಾಗ ಕಾಲು ಹಿಡಿದುಕೊಂಡರೆ ರಸ್ತೆ ಬದಿಗೆ ಕೂತುಬಿಡಬಹುದು. ನೀರಿನಲ್ಲಿ ಹಿಡಿದುಕೊಂಡರೆ? ಮೈ ಹಗುರ ಇರುವಾಗಲೇ ಈಜು ಮುಗಿಸುವುದು ಅದಕ್ಕೇ.

ಅಂದು ಭಾಗವಹಿಸಿದವರಲ್ಲಿ ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿಯೂ ಇದ್ದರು. ಮುಂದೆ ಹವಾಯಿಯಲ್ಲಿದ್ದಾಗ ಓಟಗಾರ ಗಟ್ಟಿಯೋ, ಈಜುಗಾರ ಗಟ್ಟಿಯೋ ಅಂತ ವಾದ ಎದ್ದಿತು. ಸೈಕಲ್ ಸವಾರರನ್ನು ಯಾಕೆ ಬಿಟ್ಟಿರಿ ಅಂತ ಕಾಲಿನ್ಸ್ ಕೇಳಿದರು. ಅಲ್ಲಿನ ಮೂರು ದೂರದ ದಾರಿಗಳನ್ನು ಒಂದೇ ದಿನಕ್ಕೆ ಜೋಡಿಸಿದರು: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. 180 ಕಿ.ಮೀ. ಅಂದರೆ ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಗದಗಕ್ಕೆ ಹೋಗಿ, ಬಂದು, ಮತ್ತೆ ಹೋದಷ್ಟು. 1978ರ ಫೆಬ್ರವರಿ 18ರಂದು 15 ಜನ ಹೊರಟರು, 12 ಜನ ಮುಟ್ಟಿದರು. ಅದೇ ಮೊದಲ ಐರನ್‌ಮ್ಯಾನ್.

ಜನರ ಮನಸ್ಸಿಗೆ ಇದು ಇಳಿದದ್ದು 1982ರಲ್ಲಿ. ಆ ವರ್ಷದ ಐರನ್‌ಮ್ಯಾನ್‌ನಲ್ಲಿ ಹೆಂಗಸರ ಪೈಕಿ ಮುಂದೆ ಇದ್ದ ಜೂಲಿ ಮಾಸ್ ಕೊನೆಯ ಹಂತದಲ್ಲಿ ಕುಸಿದು ಬಿದ್ದರು. ಇನ್ನೊಬ್ಬರು ದಾಟಿ ಹೋಗಿ ಗೆದ್ದರು. ಜೂಲಿ ಮಾತ್ರ ತೆವಳಿಕೊಂಡೇ ಗೆರೆ ಮುಟ್ಟಿದರು. ಟಿವಿಯಲ್ಲಿ ಅದನ್ನು ನೋಡಿದ ಎಷ್ಟೋ ಜನ ಮುಂದೆ ಈ ಆಟಕ್ಕೆ ಬಂದರು. ಅದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಸೇರಿತು. 2019ರಲ್ಲಿ ಅರ್ಧ ದೂರದ ಐರನ್‌ಮ್ಯಾನ್ ಗೋವಾಕ್ಕೂ ಬಂತು. ನಮ್ಮ ಕಡೆಯವರಿಗೆ ಅದು ಪಕ್ಕದ ಊರೇ ಅಲ್ವಾ?

ಈಗ ನಿಮ್ಮ ಬಾವಿ ವಿಷಯ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕಲಿತವರಿಗೆ ನೀರಿನ ಅಂಜಿಕೆ ಇರುವುದಿಲ್ಲ. ಅದು ದೊಡ್ಡ ಆಸ್ತಿ. ಆದರೆ ಬಾವಿಯಲ್ಲಿ ನಾಲ್ಕು ಕೈ ಹೊಡೆದರೆ ಗೋಡೆ ಸಿಗುತ್ತದೆ. ತಲೆ ಮೇಲೆತ್ತಿಯೇ ಈಜುವುದು ರೂಢಿಯಾಗಿರುತ್ತದೆ. ತಲೆ ಎತ್ತಿದರೆ ಕಾಲು ಕೆಳಗಿಳಿಯುತ್ತದೆ, ಬೇಗ ದಣಿಯುತ್ತೀರಿ. ಗೋವಾದಲ್ಲಿ 1.9 ಕಿ.ಮೀ. ಸಮುದ್ರದಲ್ಲಿ ಈಜಬೇಕು. ಈಜುಕೊಳದಲ್ಲಿ ಮುಖ ನೀರೊಳಗಿಟ್ಟು ಉಸಿರು ಬಿಡುವುದು, ಪಕ್ಕಕ್ಕೆ ಹೊರಳಿ ಎಳೆದುಕೊಳ್ಳುವುದು ಕಲಿಯಿರಿ. ದಯವಿಟ್ಟು ಉಣಕಲ್ ಕೆರೆ, ಕೆಲಗೇರಿ ಕೆರೆಗೆ ಇಳಿದು ಅಭ್ಯಾಸ ಮಾಡಬೇಡಿ. ಮೊದಲ ವರ್ಷ ಸ್ಪ್ರಿಂಟ್ ದೂರ ಸಾಕು: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಆ 20 ಕಿ.ಮೀ. ಅಂದರೆ ನಿಮ್ಮ ಧಾರವಾಡದಿಂದ ಹುಬ್ಬಳ್ಳಿ ಮುಟ್ಟಿದ ಹಾಗೆ.

ಪ್ರಶ್ನೆ (ಗದಗದಿಂದ): ಸರ್, ನನಗೆ 41. ಎರಡು ಮಕ್ಕಳ ತಾಯಿ. ಸೈಕಲ್ ಚೆನ್ನಾಗಿ ಹೊಡೆಯುತ್ತೇನೆ. ಈಗ ಶುರು ಮಾಡಿದರೆ ತಡವಾಯಿತಾ?

ಉತ್ತರ: ಇಲ್ಲ ಅಕ್ಕಾರ. ಇಲ್ಲಿ ಐದೈದು ವರ್ಷದ ಗುಂಪು ಮಾಡಿರುತ್ತಾರೆ, ನಿಮ್ಮ ಪೈಪೋಟಿ 40ರಿಂದ 44ರ ಹೆಂಗಸರ ಜೊತೆ. ಅಮೆರಿಕದ ಸನ್ಯಾಸಿನಿ ಮಡೋನಾ ಬುಡರ್ ಮೊದಲ ಟ್ರಯಥ್ಲಾನ್ ಮಾಡಿದ್ದು 52ನೇ ವಯಸ್ಸಿಗೆ. 82ರಲ್ಲಿ ಪೂರ್ತಿ ಐರನ್‌ಮ್ಯಾನ್ ಮುಗಿಸಿದರು. ಒಮ್ಮೆ ಡಾಕ್ಟರ್ ಹತ್ತಿರ ತೋರಿಸಿಕೊಳ್ಳಿ. ದುಬಾರಿ ಸೈಕಲ್ ಈಗಲೇ ಬೇಡ, ಹೆಲ್ಮೆಟ್ ಮಾತ್ರ ಬೇಕೇ ಬೇಕು. ಬರುವ ಭಾನುವಾರ ಸೈಕಲ್ ಸುತ್ತು ಮುಗಿಸಿ ಮನೆ ಮುಂದೆ ಇಳಿದ ತಕ್ಷಣ ಒಂದು ಕಿ.ಮೀ. ನಿಧಾನಕ್ಕೆ ಓಡಿ ನೋಡಿ. ಕಾಲು ಕಲ್ಲಾದ ಹಾಗೆ ಅನಿಸುತ್ತದೆ, ಗಾಬರಿ ಬೇಡ, ಎಲ್ಲರಿಗೂ ಹಾಗೇ. ಹೇಗಾಯಿತು ಅಂತ ಇಲ್ಲೇ ಬರೆಯಿರಿ, ಮುಂದಿನದನ್ನು ಹೇಳುತ್ತೇನೆ.